ಕಳ್ಳ ಲಿವರ್

ಮೂವತ್ತು ವರ್ಷ ಬೀಗ ಮಾಡಿ, ಬೀಗ ರಿಪೇರಿ ಮಾಡಿ, ಬೀಗದಯ್ಯ ಎಂಬ ಹೆಸರೇ ಖಾಯಮ್ಮಾಗಿಬಿಟ್ಟ ಆ ಮನುಷ್ಯನ ಲೆಕ್ಕದಲ್ಲಿ ಲೋಕದ ಜನ ಎರಡೇ ಬಗೆ: ಕಳ್ಳರು, ಮತ್ತು ಇನ್ನೂ ಸಿಕ್ಕಿಬೀಳದ ಕಳ್ಳರು. ಅಂಗಡಿ ಮುಚ್ಚಿದ ಮೇಲೆ ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಿದ್ದ. ಹತ್ತು ಹೆಜ್ಜೆ ಹೋದವನು ತಿರುಗಿ ಬಂದು ಇನ್ನೊಂದು ಸಲ ಜಗ್ಗುತ್ತಿದ್ದ. ಹೆಂಡತಿ ಅದನ್ನು ಕಂಡಾಗಲೆಲ್ಲ, "ತಾನು ಕಳ್ಳ, ಪರರ ನಂಬ" ಎಂದು ಗಾದೆ ಒಗೆಯುತ್ತಿದ್ದಳು.

ಹಾಗಾಗಲು ಕಾರಣವೂ ಇತ್ತು. ಪ್ರಾಯದಲ್ಲಿ ತಾನೇ ತಲೆ ಓಡಿಸಿ ಕಟ್ಟಿದ ಒಂದು ಬೀಗವನ್ನು ಒಡಹುಟ್ಟಿದ ಅಣ್ಣನಿಗೆ ಬಿಚ್ಚಿ ತೋರಿಸಿದ್ದ. ಆರೇ ತಿಂಗಳಲ್ಲಿ ಅದೇ ಬೀಗ ಯಾವುದೋ ಕಾರ್ಖಾನೆಯ ಮುದ್ರೆ ಹೊತ್ತು ಎದುರಿನ ಅಂಗಡಿಯಲ್ಲಿ ನೇತಾಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅಣ್ಣನ ಜೊತೆ ಮಾತು ಬಿಟ್ಟ. ಏಳು ಲಿವರಿನ ಹೊಸ ಬೀಗವೊಂದನ್ನು ಕಟ್ಟಿದ. ಲಿವರ್ ಎಂದರೆ ಬೀಗದ ಹೊಟ್ಟೆಯಲ್ಲಿ ಒಂದರ ಮೇಲೊಂದು ಕೂತಿರುವ ಹಿತ್ತಾಳೆ ತಗಡು. ಬೀಗದ ಕೈ ಅವನ್ನೆಲ್ಲ ಸರಿಯಾದ ಎತ್ತರಕ್ಕೆ ಎತ್ತಿದರಷ್ಟೇ ಬೀಗ ತೆರೆಯುತ್ತದೆ. ಆರು ಲಿವರು ಬಿಚ್ಚಿದವರಿಗೆಲ್ಲ ಕಾಣುತ್ತವೆ. ಏಳನೆಯದು ತಲೆಕೆಳಗಾಗಿ ಹಿಂದೆ ಅಡಗಿರುತ್ತದೆ. ಅದಕ್ಕೆ ಆತ ಇಟ್ಟ ಹೆಸರು ಕಳ್ಳ ಲಿವರ್. ಅದನ್ನು ಹೆಂಡತಿಗೂ ತೋರಿಸಿರಲಿಲ್ಲ.

ಇಂಥವನ ಮಗಳು ಯೂನಿವರ್ಸಿಟಿಗೆ ಹೋಗಿ ಇಂಡಸ್ಟ್ರಿಯಲ್ ಡಿಸೈನ್ ಓದಲು ಸೇರಿದಳು. ಅದೆಂಥ ಓದೋ ದೇವರಿಗೇ ಗೊತ್ತು! ಪುಸ್ತಕ ಕಡಿಮೆ, ತಲೆಗೂದಲಿನಲ್ಲಿ ಥರ್ಮೋಕೋಲ್ ಪುಡಿ ಜಾಸ್ತಿ. ಮನೆಯ ಮಿಕ್ಸಿ ಬಿಚ್ಚಿದಳು, ಟಾರ್ಚು ಬಿಚ್ಚಿದಳು, ಅಮ್ಮ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುವುದನ್ನು ಪಕ್ಕದಲ್ಲೇ ಕೂತು ಚಿತ್ರ ಬರೆದಳು. ಇನ್ನೊಬ್ಬರ ಸಾಮಾನು ಬಿಚ್ಚಿ ಅಳತೆ ಬರೆದಿಟ್ಟುಕೊಳ್ಳುವುದಕ್ಕೆ ಬೀಗದಯ್ಯನಿಗೆ ಗೊತ್ತಿದ್ದದ್ದು ಒಂದೇ ಪದ. ಆದರೂ ಮಗಳಲ್ಲವೇ, ನುಂಗಿಕೊಂಡ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಅಪ್ಪನ ಏಳು ಲಿವರಿನ ಬೀಗವನ್ನೇ. ಕಣ್ಣು ಕಾಣದವರೂ ಬೆರಳಲ್ಲಿ ತಡವಿ ಸಲೀಸಾಗಿ ತೆರೆಯುವಂಥ ಬೀಗದ ಕೈ ಮಾಡುತ್ತೇನೆ, ಒಳಗಿನದೆಲ್ಲ ನಿನ್ನದೇ ಇರಲಿ, ಬಿಡಿಸಿ ತೋರಿಸು ಎಂದಳು. ಆತನ ಕಿವಿ ನೆಟ್ಟಗಾದವು. ಮುಂದಿನ ವಾರ ಅವಳ ಮೇಷ್ಟ್ರೂ ಅಂಗಡಿಗೆ ಬಂದರು. ಸ್ಟೂಲು ಎಳೆದುಕೊಟ್ಟರೂ ಕೂರದೆ ಬೀಗವನ್ನು ತಿರುಗಿಸಿ ಮುರುಗಿಸಿ ನೋಡಿದರು, ಫೋಟೊ ತೆಗೆದರು, ಇದನ್ನು ಬೇರೆ ಯಾರಾದರೂ ಮಾಡುತ್ತಾರಾ ಎಂದು ವಿಚಾರಿಸಿದರು. ಸರಿ, ಬೀಗದಯ್ಯನಿಗೆ ಖಾತ್ರಿಯಾಯಿತು. ಈತ ಕಾರ್ಖಾನೆಯವರ ಕಡೆಯವನೇ. ಮಗಳನ್ನು ಮುಂದೆ ಬಿಟ್ಟು ಹಿಂದಿನಿಂದ ಕೈ ಹಾಕುತ್ತಿದ್ದಾನೆ.

ಇಲ್ಲವೆಂದರೆ ಮಗಳ ಡಿಗ್ರಿಗೆ ಕಲ್ಲು. ಹೂಂ ಎಂದರೆ ಬೀಗ ಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ದಿನ ಯೋಚಿಸಿ ಬೀಗದಯ್ಯ ಎಲ್ಲವನ್ನೂ ತೋರಿಸಿದ, ಕಳ್ಳ ಲಿವರನ್ನೂ ತೋರಿಸಿದ. ಅದರ ಸ್ಪ್ರಿಂಗನ್ನು ಮಾತ್ರ ಗಟ್ಟಿ ತಂತಿಯ ಬದಲು ಮೆತ್ತನೆಯ ತಂತಿಯಲ್ಲಿ ಸುತ್ತಿದ. ಐವತ್ತರವತ್ತು ಸಲ ತೆರೆಯುವವರೆಗೆ ಏನೂ ತಿಳಿಯುವುದಿಲ್ಲ. ಆಮೇಲೆ ಅದು ಸೋತು, ಲಿವರು ತನ್ನ ಜಾಗಕ್ಕೆ ಮರಳದೆ, ಬೀಗ ಕಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಮಗಳು ಪಾಸಾಗಿರುತ್ತಾಳೆ, ಕದ್ದವರು ಕೈಕೈ ಹಿಸುಕಿಕೊಳ್ಳುತ್ತಾರೆ. ತನ್ನ ಬುದ್ಧಿಗೆ ತಾನೇ ಹುಳ್ಳಗೆ ನಕ್ಕ.

ಸ್ಪ್ರಿಂಗನ್ನು ಕೈಗಿತ್ತಾಗ ಮಗಳು ನೋಡದೆಯೇ ಡಬ್ಬಿಗೆ ಹಾಕಿಕೊಂಡಳು. ಬೆರಳಲ್ಲಿ ಎಳೆದು ನೋಡದೆ ಯಾವ ಸ್ಪ್ರಿಂಗನ್ನೂ ಬೀಗಕ್ಕೆ ಹಾಕಬಾರದೆಂದು ಚಿಕ್ಕಂದಿನಲ್ಲಿ ಅವಳಿಗೆ ಹೇಳಿಕೊಟ್ಟವನೇ ಆತ.

"ಎಳೆದು ನೋಡ್ಕೊಳ್ಳಲ್ವಾ?" ಎಂದ.

"ನೀನು ಕೊಟ್ಟಿದ್ದಲ್ವಾ ಅಪ್ಪ, ನೋಡೋದೇನಿದೆ?"

ಆತನಿಗೆ ತಿಳಿಯದೇ ಹೋದದ್ದು ಒಂದಿತ್ತು. ಆ ಓದಿನಲ್ಲಿ ಮಾಡಿದ ಸಾಮಾನನ್ನು ಹತ್ತಾರು ಜನರ ಕೈಗೆ ಕೊಟ್ಟು ನೋಡದೆ ಮುಗಿಯಿತು ಅನ್ನುವುದಿಲ್ಲ.

ಪ್ರದರ್ಶನದ ದಿನ ಅಪ್ಪ ಅಮ್ಮಂದಿರನ್ನೂ ಕರೆದಿದ್ದರು. ದೊಡ್ಡ ಹಾಲ್, ಸಾಲು ಮೇಜು, ಓದುವ ಮಕ್ಕಳು ಮಾಡಿಟ್ಟ ಮಡಚುವ ಕುರ್ಚಿ, ದೀಪ, ಊರುಗೋಲು. ಮಗಳ ಮೇಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮೈಯ ಬೀಗ; ಹೊಟ್ಟೆಯಲ್ಲಿರುವುದೆಲ್ಲ ಬಟಾಬಯಲು. ಯಾರ ಹೆಸರು ಹಾಕಿದ್ದಾರೋ ನೋಡೋಣವೆಂದು ಬೀಗದಯ್ಯ ನೆಟ್ಟಗೆ ಬೋರ್ಡಿನ ಹತ್ತಿರ ಹೋದ. "ಬೀಗ ನನ್ನ ಅಪ್ಪನದು. ಬೀಗದ ಕೈ ಮಾತ್ರ ನನ್ನದು" ಎಂದಿತ್ತು. ಎರಡು ಸಲ ಓದಿದ. ಬೋರ್ಡಿನ ಹಿಂದೆಯೂ ಬಗ್ಗಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

ಪರೀಕ್ಷಕರಲ್ಲಿ ಹಿರಿಯರೊಬ್ಬರು ಕಣ್ಣು ಮುಚ್ಚಿ, ತಡವಿ, ಬೀಗದ ಕೈ ಹಾಕಿ ತಿರುಗಿಸಿದರು. ತೆರೆಯಲಿಲ್ಲ. ಮತ್ತೆ ತಿರುಗಿಸಿದರು. ಮಗಳು ತಿರುಗಿಸಿದಳು. ನಿನ್ನೆಯೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅರವತ್ತು ಜನ ತೆರೆದಿದ್ದರು ಎಂದು ತೊದಲಿದಳು. ಹಿರಿಯರು ಪೆನ್ನಿನ ಮುಚ್ಚಳ ತೆಗೆದು, ತೆರೆಯದ ಬೀಗಕ್ಕೆ ಏನಂತ ಬರೆಯುವುದು, ಮೂಲ ಬೀಗದಲ್ಲೇ ದೋಷವಿರಬಹುದಲ್ಲ ಎಂದರು.

"ಇಲ್ಲ ಸರ್," ಎಂದಳು ಮಗಳು. "ಅಪ್ಪನ ಬೀಗ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕೈಕೊಟ್ಟಿಲ್ಲ. ನಾನೇ ಎಲ್ಲೋ ತಪ್ಪು ಮಾಡಿದೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬೀಗದಯ್ಯನ ಕೈ ಅಂಗಿ ಜೇಬಿಗೆ ಹೋಯಿತು. ನಿಜವಾದ ಸ್ಪ್ರಿಂಗು ಅಲ್ಲಿತ್ತು. ಬೀಗ ಹಾಕಿದ ಮನೆಯಲ್ಲೂ ಅದನ್ನು ಬಿಟ್ಟು ಬರುವ ಆಸಾಮಿಯೇ ಆತ? ಸುಮ್ಮನಿದ್ದರೆ ಗುಟ್ಟು ಉಳಿಯುತ್ತಿತ್ತು. ಪೆನ್ನು ಕಾಗದ ಮುಟ್ಟಿತು.

"ಬರೀಬೇಡಿ ಸ್ವಾಮಿ. ತಪ್ಪು ಅವಳದ್ದಲ್ಲ. ಮೆತ್ತನೆ ಸ್ಪ್ರಿಂಗ್ ಕೊಟ್ಟಿದ್ದು ನಾನು. ಬೇಕಂತಲೇ."

ಯಾಕೆ ಎಂದು ಹಿರಿಯರು ಕೇಳಿದರು. ನೀವೆಲ್ಲ ಕದಿಯೋಕೆ ಬಂದವರು ಅಂದುಕೊಂಡಿದ್ದೆ ಎಂದು ಆತ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ನೆಲ ನೋಡಿದರು.

"ನಾನೂನಾ ಅಪ್ಪ?" ಎಂದಳು ಮಗಳು, ಮೆಲ್ಲಗೆ.

ಪಕ್ಕದಲ್ಲೇ ನಿಂತಿದ್ದ ಹೆಂಡತಿ ಅಂದು ಗಾದೆ ಹೇಳಲಿಲ್ಲ.

ಆಮೇಲೆ ಬೀಗ ತೆರೆಯಿತು, ಪರೀಕ್ಷಕರು ತಲೆದೂಗಿದರು, ಮಗಳು ಪಾಸಾದಳು. ಬೀಗದಯ್ಯನಿಗೆ ಅದ್ಯಾವುದೂ ಸರಿಯಾಗಿ ನೆನಪಿಲ್ಲ. ಜೇಬಿನಿಂದ ತೆಗೆದ ಸ್ಪ್ರಿಂಗನ್ನು ಮಗಳ ಅಂಗೈಯಲ್ಲಿಟ್ಟದ್ದು ಮಾತ್ರ ನೆನಪಿದೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಬೆರಳಲ್ಲಿ ಎಳೆದು ಬಿಟ್ಟಳು. ಇನ್ನೊಂದು ಸಲ ಎಳೆದು ನೋಡಿದಳು. ಆಮೇಲೆ ಬೀಗಕ್ಕೆ ಹಾಕಿದಳು.