ಅದಕ್ಕೂ ಮೊದಲು ಏನಿತ್ತು, ಅಕ್ಕೋರ?

ಕಳೆದ ತಿಂಗಳು ತಮ್ಮನ ಮಗಳ ಹುಟ್ಟುಹಬ್ಬಕ್ಕೆ ಬಲೂನು ಊದುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಡೆ ಅದಕ್ಕೆ ಪುಗ್ಗಾ ಅನ್ನುತ್ತೇವೆ. ಮೊದಲನೆಯದನ್ನು ತುಟಿಗಿಟ್ಟೆ. ರಬ್ಬರು, ಅದರ ಮೇಲಿನ ಬಿಳಿ ಪುಡಿ, ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ಊದುವುದನ್ನು ಮರೆತು ಕೂತೆ... ಶಿಗ್ಗಾಂವದ ಶಾಲೆ, ಒಂಬತ್ತನೆಯ ವರ್ಗ, ಕಿಟಕಿಯಾಚೆ ಹೆದ್ದಾರಿಯ ಲಾರಿಗಳ ಸದ್ದು, ಮೇಜಿನ ಮುಂದೆ ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು.

ಅಕ್ಕೋರು ಸವಣೂರಿನವರು. ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಸಣ್ಣ ದನಿ, ಇಸ್ತ್ರಿ ಮಾಡಿದ ನೂಲಿನ ಸೀರೆ. ಹುಡುಗರನ್ನು ಒಂದು ದಿನವೂ ಹೊಡೆದವರಲ್ಲ, ಆದರೂ ಅವರ ತಾಸಿನಲ್ಲಿ ಗದ್ದಲ ಇರುತ್ತಿರಲಿಲ್ಲ.

ಆ ದಿನ ಅವರು ಒಂದು ನೀಲಿ ಪುಗ್ಗಾದ ಮೇಲೆ ಪೆನ್ನಿನಿಂದ ಚುಕ್ಕಿಗಳನ್ನಿಟ್ಟು ನಿಧಾನವಾಗಿ ಊದಿದರು. ಅದು ಹಿಗ್ಗಿದಂತೆ ಚುಕ್ಕಿಗಳು ಒಂದರಿಂದ ಒಂದು ದೂರ ಸರಿದವು. ಆಕಾಶದಲ್ಲಿ ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳು ಹೀಗೇ ದೂರವಾಗುತ್ತಿವೆ, ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಒಂದು ಕಾಲಕ್ಕೆ ಎಲ್ಲವೂ ಒತ್ತೊತ್ತಾಗಿ, ಊಹೆಗೂ ನಿಲುಕದಷ್ಟು ಬಿಸಿಯಾಗಿ ಕೂಡಿಕೊಂಡಿತ್ತು ಎಂದರು. ಆಮೇಲೆ ಗಾಳಿ ಬಿಟ್ಟರು. ಚುಕ್ಕಿಗಳೆಲ್ಲ ಒಂದರ ಹತ್ತಿರ ಒಂದು ಬಂದು ಕೂಡಿದವು. ನನ್ನ ಮೈಮೇಲಿನ ಕೂದಲು ನಿಮಿರಿ ನಿಂತಿದ್ದವು.

ನಾನು ದುಂಡಸಿಯವಳು. ಮನೆಯಲ್ಲಿ ಅಜ್ಜ ಹೇಳಿದ್ದೇ ನಡೆಯಬೇಕು. ಬೆಳಗಿನ ಲಿಂಗಪೂಜೆ ಆಗದೆ ಯಾರ ಬಾಯಿಗೂ ಚಹಾ ಬೀಳುತ್ತಿರಲಿಲ್ಲ. ಮರುದಿನ ನಾನು ಪೂಜೆಗೆ ಕೂಡಲಿಲ್ಲ.

"ಲೋಕಾ ದೇವ್ರು ಮಾಡಿದ್ದಲ್ಲಜ್ಜಾ, ತಾನ ಹಿಗ್ಗಿ ಆಗೇತಿ. ಅಕ್ಕೋರು ಹೇಳ್ಯಾರ" ಅಂದೆ.

ಅಜ್ಜ ಕೂಗಾಡಲಿಲ್ಲ. ಎದ್ದು ನನ್ನ ಪುಸ್ತಕದ ಚೀಲವನ್ನು ತೆಗೆದು ಅಟ್ಟದ ಮೇಲಿಟ್ಟ. "ಕಲತದ್ದು ಸಾಕು. ಇನ್ನ ಸಾಲಿ ಬ್ಯಾಡ" ಅಂದ. ಅವ್ವ ಅತ್ತಳು. ಅಪ್ಪ ಅಜ್ಜನೆದುರು ಬಾಯಿ ತೆರೆಯುವವನಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಇಳಿಹೊತ್ತಿನಲ್ಲಿ ಅಕ್ಕೋರು ನಮ್ಮ ಅಂಗಳದಲ್ಲಿ ನಿಂತಿದ್ದರು. ನನ್ನ ಗೆಳತಿಯರಿಂದ ಸುದ್ದಿ ತಿಳಿದು, ಶಾಲೆ ಬಿಟ್ಟೊಡನೆ ದುಂಡಸಿಯ ಬಸ್ಸು ಹತ್ತಿದ್ದರು.

"ಬರ್ರಿ, ಕುಂದರ್ರಿ" ಅಂದ ಅಜ್ಜ. ಅವ್ವ ಅವಲಕ್ಕಿ, ಚಹಾ ತಂದಳು. ಅಕ್ಕೋರು ಕೈ ಮುಗಿದರು. "ತಪ್ಪು ತಿಳಕೋಬ್ಯಾಡ್ರಿ, ಇವತ್ತ ಏಕಾದಶಿ. ಏನೂ ತಗೊಳ್ಳೂದಿಲ್ಲ."

ಅಜ್ಜ ಅವರನ್ನೇ ದಿಟ್ಟಿಸಿದ. "ನೀವು ಉಪಾಸ ಮಾಡ್ತೀರಿ. ನಮ್ಮ ಹುಡುಗಿಗೆ ದೇವ್ರಿಲ್ಲ ಅಂತ ಕಲಸ್ತೀರಿ?"

"ದೇವರಿಲ್ಲ ಅಂತ ನಾ ಅಂದಿಲ್ಲರೀ ಅಜ್ಜಾರ. ಅದನ್ನ ಆಕಿನ ಸೇರಿಸ್ಯಾಳ. ನಾ ಏನ ಹೇಳಿದ್ನೋ ನಿಮಗೂ ತೋರಸ್ತೀನಿ. ಆಮ್ಯಾಲೆ ನೀವು ಹೆಂಗಂತೀರೋ ಹಂಗ."

ಚೀಲದಿಂದ ಪುಗ್ಗಾ ತೆಗೆದು, ಚುಕ್ಕಿಯಿಟ್ಟು ಅಜ್ಜನ ಕೈಗೇ ಕೊಟ್ಟರು. ಬಿಳಿ ರುಮಾಲು ಸುತ್ತಿದ, ಊರವರ ಜಗಳ ಬಗೆಹರಿಸುವ ನಮ್ಮಜ್ಜ ಕೆನ್ನೆ ಉಬ್ಬಿಸಿ ಊದತೊಡಗಿದ. ಅವ್ವ ನಗೆ ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅಜ್ಜ ಮಾತ್ರ ನಗಲಿಲ್ಲ. ಅಕ್ಕೋರು ವಿವರಿಸುತ್ತಿದ್ದರು, ಅವನು ಚುಕ್ಕಿಗಳನ್ನು ನೋಡುತ್ತ ಊದುತ್ತಿದ್ದ, ಗಾಳಿ ಬಿಡುತ್ತಿದ್ದ, ಮತ್ತೆ ಊದುತ್ತಿದ್ದ.

"ಈ ಹೊಲದ ಮಣ್ಣು, ಈ ಎಮ್ಮಿ, ನೀವು, ನಾನು... ಎಲ್ಲಾ ಕೂಡೇ ಇದ್ವೇನ್ರಿ?"

"ಹೌದ್ರೀ. ಅಲ್ಲಿ ಮೂಡ್ಯದಲ್ಲ, ಆ ಚುಕ್ಕಿನೂ."

ಅಜ್ಜ ತಲೆಯೆತ್ತಿ ಆಕಾಶದ ಆ ನಕ್ಷತ್ರವನ್ನು ನೋಡಿದ. "ಹಂಗಾದ್ರ ಊದಾಂವ ಯಾರು? ಅದಕ್ಕೂ ಮೊದ್ಲು ಏನಿತ್ತು, ಅಕ್ಕೋರ?"

"ಗೊತ್ತಿಲ್ಲರೀ. ನನಗ ಕಲಿಸಿದವ್ರಿಗೂ ಗೊತ್ತಿರಲಿಲ್ಲ. ನಮ್ಮ ಮನ್ಯಾಗ ನಾರಾಯಣ ಅಂತೀವಿ. ಆದ್ರ ಅದು ನನ್ನ ನಂಬಿಕಿ, ಸಾಲ್ಯಾಗಿನ ಪಾಠ ಅಲ್ಲ."

ಕಲಿಸುವವರೇ ಗೊತ್ತಿಲ್ಲ ಅಂದದ್ದನ್ನು ಅಜ್ಜ ಅದೇ ಮೊದಲ ಸಲ ಕೇಳಿದ್ದನೇನೋ. "ನಾವು ಬಯಲು ಅಂತೇವ್ರಿ" ಅಂದ ಮೆಲ್ಲಗೆ. "ಹೆಸರಿಲ್ಲ, ರೂಪಿಲ್ಲ... ಬರೇ ಬಯಲು." ನಾನು ಹುಟ್ಟಿದಾಗಿನಿಂದ ಕೇಳಿದ್ದ ಮಾತು. ಆ ಸಂಜೆ ಅದನ್ನು ತಾನೇ ಹೊಸದಾಗಿ ಕೇಳಿದವನಂತೆ ಆಡಿ, ಪುಗ್ಗಾದ ಗಾಳಿಯನ್ನೆಲ್ಲ ಬಿಟ್ಟ.

ಅಜ್ಜ ತಾನೇ ಎದ್ದು ಅಟ್ಟದ ಮೇಲಿಂದ ಚೀಲ ಇಳಿಸಿದ. "ನಾಳಿಂದ ಹೋಗವಾ. ಪೂಜಿ ನಿನ್ನ ಮನಸಿಗೆ ಬಿಟ್ಟದ್ದು" ಅಂದ. ಮರುದಿನ ಬೆಳಗ್ಗೆ ಯಾರೂ ಕರೆಯದೆ ಪೂಜೆಗೆ ಅವನ ಪಕ್ಕ ಹೋಗಿ ಕೂತೆ.

ಹಿಂದಿನ ಸಂಜೆ ಅಕ್ಕೋರನ್ನು ಬಸ್ಸಿಗೆ ಬಿಡಲು ಹೋದಾಗ ಕೇಳಿದ್ದೆ: "ಅಕ್ಕೋರ, ನಿಮಗ ಯಾವುದು ಖರೇ ಅನಸ್ತೈತಿ?"

ಉಪವಾಸದಿಂದ ಅವರ ಮುಖ ಬಾಡಿತ್ತು. "ದೇವರ ಮುಂದ ಕೂತಾಗ ಮೈ ಝುಂ ಅಂತದ. ಈ ಪಾಠಾ ಮಾಡೂಮುಂದನೂ ಹಂಗ ಆಗ್ತದ. ಅಷ್ಟ ನೋಡು ನನಗ ಗೊತ್ತಿರೂದು" ಅಂದರು. ಬಸ್ಸು ಬಂತು...

ಅಜ್ಜ ಹೋಗಿ ಬಹಳ ವರ್ಷಗಳಾದವು. ನಾನು ನರ್ಸಿಂಗ್ ಕಲಿತು ಹಾನಗಲ್ಲಿಗೆ ಕೆಲಸಕ್ಕೆ ಸೇರಿದೆ. ಅಕ್ಕೋರನ್ನು ನೋಡಬೇಕೆಂದು ಅಂದುಕೊಳ್ಳುತ್ತಲೇ ದಿನ ಕಳೆದವು. ಹುಟ್ಟುಹಬ್ಬ ಮುಗಿದ ಮರುವಾರ ಸವಣೂರಿಗೆ ಹೋದೆ. ಬಾಗಿಲು ತೆರೆದವರು ಅವರ ತಮ್ಮ. ನಾನು ಯಾರೆಂದು ಕೇಳಿ, ಒಳಗೆ ಕೂಡಿಸಿ, "ಹೋದ ಮಳಿಗಾಲದಾಗ ತೀರಿಕೊಂಡ್ಲವಾ" ಅಂದರು.

ನನಗೆ ನೀರು ತಂದುಕೊಟ್ಟು ಅವರೇ ಮಾತು ಮುಂದುವರಿಸಿದರು. "ಕಡೀಕ ಮಾತು ಭಾಳ ಕಮ್ಮಿ ಆಗಿತ್ತು. ಒಂದಿನ ನಕ್ಕೋತ ಅಂದ್ಲು, ಎಲ್ಲಾದಕ್ಕೂ ಮೊದಲ ಏನಿತ್ತು ಅನ್ನೂದು ಇನ್ನ ನನಗ ಗೊತ್ತಾಗ್ತದೋ ಏನೋ ಅಂತ. ಹೆದರಿಕಿ ಅನ್ನೂದು ಇರಲಿಲ್ಲ."

ಹೊರಗೆ ಬಂದು ಅವರ ಕಟ್ಟೆಯ ಮೇಲೆ ಕೂತೆ. ಅಕ್ಕೋರಿಗೆ ಗೊತ್ತಾಯಿತೋ ಇಲ್ಲವೋ... ಗೊತ್ತಾಗಿದ್ದರೆ, ಯಾರಿಗಾದರೂ ತಿಳಿಸಿ ಹೇಳದೆ ಅವರ ಜೀವ ತಡೆಯುವುದಿಲ್ಲ. ಕೇಳಿಸಿಕೊಳ್ಳಬೇಕಾದ ನಾನು ಈ ಕಡೆ ಉಳಿದಿದ್ದೇನೆ.