ಪ್ರಶ್ನೆಯೊಳಗೆ ಕುಳಿತ ಹನ್ನೊಂದು ಹೆಸರು

ಬೆಳಗಿನ ಐದೂವರೆ. ಬಟವಾಡಿಯ ಕಣ್ಣಿನ ಆಸ್ಪತ್ರೆಯೊಂದರ ಮೂಲೆಯ ಕೋಣೆಯಲ್ಲಿ ಉಮಾಮಹೇಶ್ವರಿ ಕಂಪ್ಯೂಟರಿಗೆ ಕೈಮುಗಿದು ಕೂರುತ್ತಾರೆ. ಗುಬ್ಬಿಯ ಶಿಬಿರದಿಂದ ಹನ್ನೊಂದು ಹೆಸರು ಮೊಬೈಲಿಗೆ ಬಂದಿವೆ. ಸಕ್ಕರೆ ಪರೀಕ್ಷೆಯ ವರದಿ ಆಸ್ಪತ್ರೆಯ ಡೇಟಾಬೇಸಿನಲ್ಲಿ ಇರುವವರಿಗೆ ಮಾತ್ರ ಇಂದು ಪೊರೆಯ ಆಪರೇಷನ್. ಆರೂವರೆಗೆ ಅವರನ್ನು ಕರೆತರುವ ವ್ಯಾನ್ ಅಲ್ಲಿಂದ ಹೊರಡುತ್ತದೆ.

ಡೇಟಾಬೇಸಿಗೆ ಏನನ್ನೂ ಸೇರಿಸುವ ಅಧಿಕಾರ ಇವರಿಗಿಲ್ಲ. ಕೇಳಬಹುದು, ಅಷ್ಟೆ. ಅದಕ್ಕೇ ಹನ್ನೊಂದು ಹೆಸರನ್ನೂ ಪ್ರಶ್ನೆಯ ಒಳಗೇ ಸಾಲಾಗಿ ಬರೆಯುತ್ತಾರೆ.

"ಇದನ್ನೇ ಒಂದು ಟೇಬಲ್ ಅನ್ಕೊ, ನಿನ್ ಹತ್ರ ಇರೋದ್ರ ಜೊತೆ ಹೊಂದ್ಸಿ ತೋರ್ಸು ಅಂತೀನಿ ಸರ್."

ಇವರ ಕೆಲಸದ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನಾನು, ಆ ಟೇಬಲ್ ಎಲ್ಲಿದೆ ಎಂದು ಕೇಳುತ್ತೇನೆ.

"ಎಲ್ಲೂ ಇಲ್ಲ. ಕೇಳಿ ಮುಗಿಯೋ ತನಕ ಇರತ್ತೆ, ಆಮೇಲೆ ಹೋಗತ್ತೆ."

ಇಲ್ಲದ ಪಟ್ಟಿಯನ್ನು ಇರುವ ಪಟ್ಟಿಯ ಜೊತೆ ಹೊಂದಿಸುವುದು ಹೇಗೆ? ಮೂರು ಸಲ ಹೇಳಿಸಿಕೊಂಡೆ. ಶಿವನಾಣೆ, ಅರ್ಧವೂ ತಿಳಿಯಲಿಲ್ಲ.

ಕುಣಿಗಲ್‌ನವರಾದ ಇವರ ಓದು ಬಿ.ಕಾಂ. ಎರಡನೇ ವರ್ಷಕ್ಕೆ ನಿಂತಿತು. ವಸಂತನರಸಾಪುರದ ಕಾರ್ಖಾನೆಯಲ್ಲಿ ಆರು ವರ್ಷ ನಿಂತೇ ಪ್ಯಾಕಿಂಗ್ ಮಾಡಿ ಬೆನ್ನು ಕೆಟ್ಟ ಮೇಲೆ ಇಲ್ಲಿಗೆ ಬಂದರು. ದಿನಕ್ಕೆ ನಲವತ್ತರಿಂದ ಅರವತ್ತು ಹೆಸರು ನೋಡುತ್ತಾರೆ.

ಉತ್ತರ ಬರುತ್ತದೆ. ಹತ್ತು ಹೆಸರಿನ ಮುಂದೆ ವರದಿ ಇದೆ, ದೊಡ್ಡಗಂಗಮ್ಮನ ಮುಂದೆ ಖಾಲಿ. ಡೇಟಾಬೇಸಿನಲ್ಲಿ ದೊಡ್ಡಗಂಗಮ್ಮಂದಿರು ನಾಲ್ವರಿದ್ದಾರೆ. ಶಿಬಿರದವರು ಬರೆದು ಕಳಿಸಿದ ರಂಗಸ್ವಾಮಿಯ ಹೆಂಡತಿ ಅವರಲ್ಲಿ ಯಾರೂ ಅಲ್ಲ. ಉಮಾಮಹೇಶ್ವರಿ ಶಿಬಿರದ ಕಾಂತೇಶ್‌ಗೆ ಫೋನ್ ಮಾಡಿ, ಅಜ್ಜಿಗೆ ಕೊಡಿಸುತ್ತಾರೆ.

"ಅಜ್ಜಿ, ನಿಮ್ ಯಜಮಾನ್ರು ರಂಗಸ್ವಾಮಿನಾ?"

"ಅದ್ಯಾರವ್ವ ಅವ್ನು? ಈ ಕನ್ನಡಕದೋನು ಏನೋ ಬರ್ಕೊಂಡವ್ನೆ. ಬೆಟ್ಟದ್ ಮ್ಯಾಲಿನ ದ್ಯಾವ್ರ ಹೆಸ್ರು ಅಂದೆ. ಗಂಡನ್ ಹೆಸ್ರ ಬಾಯ್ಬುಟ್ಟು ಹೇಳಕಾಯ್ತದಾ?"

ಪರದೆಯ ಮೇಲಿನ ನಾಲ್ವರಲ್ಲಿ ಇಬ್ಬರ ಗಂಡಂದಿರಿಗೆ ಬೆಟ್ಟದ ರಂಗನದೇ ಹೆಸರು, ಒಬ್ಬರು ದೊಡ್ಡ, ಇನ್ನೊಬ್ಬರು ಚಿಕ್ಕ.

"ಹೇಳ್ಬೇಡಿ ಬುಡಿ. ದೊಡ್ಡೋರಾ, ಚಿಕ್ಕೋರಾ?"

ಅಜ್ಜಿ ನಗುತ್ತಾರೆ. "ದೊಡ್ಡೋಳು ನಾನು ಕಣವ್ವ. ಅವ್ರು ಇನ್ನೊಂದು."

ನನ್ನ ಮನೆಯಾಕೆ ತೀರಿಕೊಂಡು ಎಂಟು ತಿಂಗಳು. ಐವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಈ ಬೆಳಿಗ್ಗೆ ನನಗೆ ಥಟ್ಟನೆ ತಿಳಿದದ್ದು ಅಜ್ಜಿಯ ಈ ಮಾತೊಂದೇ.

ಉಮಾಮಹೇಶ್ವರಿ ಪ್ರಶ್ನೆಯೊಳಗೆ ರಂಗಸ್ವಾಮಿಯನ್ನು ಅಳಿಸಿ ಚಿಕ್ಕರಂಗಯ್ಯ ಎಂದು ಬರೆಯುತ್ತಾರೆ. ಖಾಲಿ ಜಾಗ ತುಂಬುತ್ತದೆ. ಊರು, ವಯಸ್ಸು ಎರಡೂ ಸರಿಯಿವೆ. ಹನ್ನೊಂದನೆಯವರಾಗಿ ಅಜ್ಜಿ ವ್ಯಾನ್ ಹತ್ತಬಹುದು.

ಈ ಕೆಲಸದಲ್ಲಿ ಏನಾದರೂ ಆಸೆ ಇದೆಯೇ ಎಂದೆ.

"ಗಂಡನ ಹೆಸ್ರು ಬರ್ಕೊಳೋವಾಗ ಪಕ್ಕದೋರ್ನ ಕೇಳ್ಲಿ ಸರ್, ಸಾಕು."

ಪರದೆ ಮುಚ್ಚುತ್ತಾರೆ. ಹನ್ನೊಂದು ಹೆಸರಿನ ಆ ಟೇಬಲ್ ಈಗ ಎಲ್ಲಿಗೆ ಹೋಯಿತು ಎಂದು ಮತ್ತೆ ಕೇಳುತ್ತೇನೆ.

"ವ್ಯಾನಿಗೆ ಸರ್."