ಅರಿಶಿನ ಹಚ್ಚಿದ ಅರ್ಜಿ

ಮೊನ್ನೆ ಬೆಳಿಗ್ಗೆ ಮೊಮ್ಮಗಳು ಒಂದು ಹಾಳೆ ತಂದು ನನ್ನ ಮುಂದೆ ಹಿಡಿದಳು. ಗೌರಿಬಿದನೂರಿನ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳುವ ಕೆಲಸ ಖಾಲಿ ಇದೆಯಂತೆ, ಅದಕ್ಕೆ ಕಳಿಸುವ ಅರ್ಜಿ. "ತಾತಾ, ಓದಿ ಹೇಳು, ಚೆನ್ನಾಗಿದ್ಯಾ?" ಅಂದಳು. ನಾನು ಕನ್ನಡಕ ಹುಡುಕುತ್ತಿರುವಾಗಲೇ ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: "ಕಳ್ಸೋಕೆ ಮುಂಚೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಮ್ಮ, ಒಳ್ಳೇದಾಗ್ಲಿ." ಕನ್ನಡಕ ಹುಡುಕುವುದನ್ನು ಅಲ್ಲಿಗೇ ಬಿಟ್ಟೆ. ಅರಿಶಿನಕ್ಕೆ ಹೆದರುವ ಗಂಡಸನ್ನು ನೀವು ಕಂಡಿರಲಾರಿರಿ. ಕಾಣಬೇಕಿದ್ದರೆ ನಾನಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿ ಕೂತಿದ್ದೆ. ಆ ವರ್ಷ ಎಲ್ಲಾದರೂ ಕೆಲಸ ಸಿಗದಿದ್ದರೆ ಹೊಲಕ್ಕೆ ಇಳಿಯತಕ್ಕದ್ದು ಎಂದು ತೀರ್ಮಾನವಾಗಿತ್ತು. ಹೊಲದಲ್ಲಿ ನಾನು ಎಂಥ ದಂಡಪಿಂಡ ಎಂಬುದು ನಮ್ಮ ಎತ್ತುಗಳಿಗೂ ಗೊತ್ತಿತ್ತು. ಅಷ್ಟರಲ್ಲಿ ಶಿಡ್ಲಘಟ್ಟದ ರೇಷ್ಮೆ ಆಫೀಸಿನಲ್ಲಿ ಒಂದು ಗುಮಾಸ್ತೆ ಕೆಲಸ ಖಾಲಿ ಇದೆಯೆಂಬ ಸುದ್ದಿ ಬಂತು. ಅಪ್ಪ ಅಂದೇ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಚಿಂತಾಮಣಿಗೆ ಹೊರಟ.

ಚಿಂತಾಮಣಿಯಲ್ಲಿ ಒಂದು ಬೇವಿನ ಮರದ ಕೆಳಗೆ ಟೈಪು ಶಾಮಣ್ಣ ಕೂರುತ್ತಿದ್ದ. ಸುತ್ತಲ ಹಳ್ಳಿಗಳ ಅರ್ಜಿಗಳೆಲ್ಲ ಅವನ ಮೆಷೀನಿನಿಂದಲೇ ಇಂಗ್ಲಿಷಿನಲ್ಲಿ ಹೊರಬರಬೇಕು. ಸಾಲು ಮುಗಿದಾಗಲೆಲ್ಲ ಆ ಮೆಷೀನು ಟಿಣ್ ಅನ್ನುತ್ತಿತ್ತು. ಆ ಗಂಟೆ ಒಳಗೆ ಎಲ್ಲಿದೆ ಎಂದು ಬಗ್ಗಿ ಬಗ್ಗಿ ನೋಡಿ ಒಂದು ಸಲ ಬೈಸಿಕೊಂಡೆ. "ಏಮಪ್ಪಾ, ಯಾವ ಪೋಸ್ಟು?" ಎಂದು ಶಾಮಣ್ಣ ಕೇಳಿದ. ಹೆಸರು, ಊರು, ಮಾರ್ಕ್ಸು, ಇಷ್ಟೇ. ಆಮೇಲೆ ಬೆರಳುಗಳು ಓಡತೊಡಗಿದವು. ನನ್ನ ಬಗ್ಗೆ ಇನ್ನೇನನ್ನೂ ಕೇಳದೆ ಈ ಮಹಾರಾಯ ಒಂದು ಪುಟ ಹೇಗೆ ತುಂಬಿಸುತ್ತಾನೆ ಎಂಬ ಕುತೂಹಲ ನನಗೆ. ಕಾಗದ ಕೈಗೆ ಬಂದ ಮೇಲೆ ಗೊತ್ತಾಯಿತು. ನನ್ನ ತಂದೆ ಈಚೆಗೆ ತೀರಿಕೊಂಡಿದ್ದಾರೆ, ವಿಧವೆ ತಾಯಿ ನನ್ನನ್ನೇ ನಂಬಿದ್ದಾರೆ ಎಂದು ಮೂರನೇ ಸಾಲಿನಲ್ಲಿತ್ತು.

"ಸ್ವಾಮೀ, ನಮ್ಮಪ್ಪ ಇದಾನೆ. ಅಗೋ, ಅಲ್ಲಿ, ಗಾಡಿ ಹತ್ರ," ಎಂದು ಪಿಸುಗುಟ್ಟಿದೆ.

"ಇರ್ಲಿ ಬಿಡಪ್ಪ, ಯಾರು ಬೇಡ ಅಂದ್ರು? ಕಾಗದದಲ್ಲಿ ತಾನೇ? ಅಪ್ಪ ಇರೋ ಅರ್ಜೀನ ಯಾರು ಓದ್ತಾರೆ!"

ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡೆ. ಹೊಲ ಕಣ್ಣ ಮುಂದೆ ಬಂದಿತ್ತು. ಅಪ್ಪನಿಗೆ ರುಜು ಹಾಕುವಷ್ಟು ಕನ್ನಡ ಬಿಟ್ಟರೆ ಬೇರೆ ಓದು ಬಾರದು ಎಂಬ ಧೈರ್ಯವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಕಡೆ ಶುಭಕಾರ್ಯದ ಕಾಗದವಾದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು. ಸಾವಿನ ಕಾಗದವಾದರೆ ಓದಿದ ತಕ್ಷಣ ಹರಿದು ಹಾಕಬೇಕು, ಮನೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಆ ಅರ್ಜಿಯನ್ನು ದೇವರ ಮುಂದೆ ಇಟ್ಟ. ಅರಿಶಿನ ಕಲಸಿ, ಹೆಬ್ಬೆರಳಿನಿಂದ ಒಂದೊಂದೇ ಮೂಲೆಗೆ ನಿಧಾನವಾಗಿ ಹಚ್ಚಿ, ಕಣ್ಣಿಗೊತ್ತಿಕೊಂಡ. ತಾನು ಸತ್ತ ಸುದ್ದಿಗೆ ತಾನೇ ಅರಿಶಿನ ಹಚ್ಚುತ್ತಿದ್ದ ಅಪ್ಪನನ್ನು ನಾನು ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದೆ.

ಇಂಟರ್‌ವ್ಯೂಗೆ ಕಾಗದ ಬಂತು. ಅಪ್ಪನೂ ಜೊತೆಗೆ ಹೊರಟ. ಮಡಿಸಿಟ್ಟ ಪಂಚೆ, ಹೊಸ ರುಮಾಲು. ಬೇಡವೆಂದರೆ ಕೇಳಬೇಕಲ್ಲ! ಶಿಡ್ಲಘಟ್ಟದಲ್ಲಿ ಆಫೀಸಿನ ಕಿಟಕಿಗೆ ನೇರವಾಗಿ ಒಂದು ಹುಣಸೆಮರ. ಅದರ ಕೆಳಗಿನ ಕಲ್ಲಿನ ಮೇಲೆಯೇ ಹೋಗಿ ಕೂತ.

ಒಳಗೆ ಸಾಹೇಬರು ಅರ್ಜಿಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದರು. "ಏನಯ್ಯ, ಚಿಂತಾಮಣಿ ಕಡೆ ಒಬ್ಬ ಅಪ್ಪನೂ ಉಳಿದಿಲ್ವಾ? ಆ ಕಡೆಯಿಂದ ಬಂದಿರೋ ಅರ್ಜೀಲೆಲ್ಲಾ ಅಪ್ಪಂದಿರು ಹೋಗ್ಬಿಟ್ಟಿದಾರೆ!" ಅಂದರು. ಆಮೇಲೆ ನನ್ನ ಅರ್ಜಿಯನ್ನು ಬೆಳಕಿಗೆ ಹಿಡಿದರು. "ಇದೊಂದಕ್ಕೆ ಮಾತ್ರ ಅರಿಶಿನ ಇದೆಯಲ್ಲ. ಯಾರು ಹಚ್ಚಿದ್ದು?"

"ನಮ್ಮಪ್ಪ ಸಾರ್," ಅಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. "ತೀರ್ಕೊಂಡ ಮೇಲಾ?"

ಕಿಟಕಿಯ ಕಡೆ ಕೈ ತೋರಿಸಿದೆ. ಹುಣಸೆಮರದ ಕೆಳಗೆ ಅಪ್ಪ ರುಮಾಲು ಬಿಚ್ಚಿ ಗಾಳಿ ಹಾಕಿಕೊಳ್ಳುತ್ತಿದ್ದ. ಸಾಹೇಬರು ಬಹಳ ಹೊತ್ತು ಅವನನ್ನೇ ನೋಡಿದರು. ಬೈಯುತ್ತಾರೆಂದುಕೊಂಡೆ. ಒಂದು ಬಿಳಿ ಹಾಳೆ ತಳ್ಳಿದರು. "ನಿನಗೇನು ಬರುತ್ತೆ, ಏನು ಬರಲ್ಲ, ಈ ಕೆಲಸ ಯಾಕೆ ಬೇಕು? ಇಷ್ಟೇ ಬರಿ, ಕನ್ನಡದಲ್ಲೇ ಬರಿ. ಯಾರನ್ನೂ ಸಾಯಿಸ್ಬೇಡ."

ಬರೆದೆ. ಅಕ್ಷರ ದುಂಡಗಿದೆ, ಹಿಪ್ಪುನೇರಳೆ ಸೊಪ್ಪು ಬಿಡಿಸಿ ಹುಳುವಿಗೆ ಹಾಕಿ ಗೊತ್ತಿದೆ, ಉಳುವುದಕ್ಕೆ ಬರುವುದಿಲ್ಲ, ನೇಗಿಲು ಹಿಡಿದರೆ ಸಾಲು ಸೊಟ್ಟಗಾಗುತ್ತದೆ, ಆದ್ದರಿಂದ ಈ ಕೆಲಸ ಬೇಕು. ಕೊನೆಗೆ, ನನ್ನ ತಂದೆ ಆರೋಗ್ಯವಾಗಿದ್ದಾರೆ, ಹೊರಗೆ ಕೂತಿದ್ದಾರೆ. ಓದಿ ಸಾಹೇಬರು ನಕ್ಕರು. ಮುಂದಿನ ತಿಂಗಳು ಕೆಲಸಕ್ಕೆ ಬಾ ಎಂದು ಕಾಗದ ಬಂತು.

ಆ ದಿನ ಹೊರಗೆ ಬಂದಾಗ ಅಪ್ಪ ಎದ್ದು ನಿಂತ. "ಏನ್ ಕೇಳಿದ್ರಪ್ಪ?"

"ನಿನ್ನ ವಿಷ್ಯ ಕೇಳಿದ್ರು."

"ನನ್ನ ವಿಷ್ಯಾನಾ! ಏನಂದೆ?"

"ಚೆನ್ನಾಗಿದಾನೆ ಅಂದೆ."

ಅಪ್ಪನ ಮುಖ ಅರಳಿತು. ಇದ್ದಷ್ಟು ಕಾಲವೂ ಜಗಲಿಗೆ ಬಂದವರಿಗೆಲ್ಲ, ಸಾಹೇಬರು ತನ್ನ ಯೋಗಕ್ಷೇಮ ವಿಚಾರಿಸಿದ್ದನ್ನು ಹೇಳುತ್ತಿದ್ದ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದೆ. ನಿಜ ಹೇಳಲು ಎಷ್ಟೋ ಸಲ ಬಾಯಿ ತೆರೆದೆ, ಹೇಳಲಿಲ್ಲ. ಅವನು ನಿಜವಾಗಿ ಹೋದ ದಿನ, ಊರೂರಿಗೂ ಸಾವಿನ ಕಾಗದ ಬರೆಯಲು ಕೂತಾಗ ಆ ಮೂರನೇ ಸಾಲು ನೆನಪಾಗಿ ಕೈ ಓಡಲಿಲ್ಲ. ಅಲ್ಲಿಂದೀಚೆಗೆ ಮಕ್ಕಳ ಮದುವೆಯ ಕರೆಯೋಲೆಗೂ ನಾನು ಅರಿಶಿನ ಮುಟ್ಟಿದವನಲ್ಲ, ಹೆಂಡತಿಯ ಕೈಗೇ ಬಿಟ್ಟಿದ್ದೆ.

ಇದನ್ನೆಲ್ಲ ಮೊದಲ ಬಾರಿಗೆ ಮೊಮ್ಮಗಳಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳ ಕಾಗದ ಓದಿದೆ. ಯಾರೂ ಸತ್ತಿರಲಿಲ್ಲ, ಆದರೆ ಅವಳೂ ಅದರಲ್ಲಿರಲಿಲ್ಲ. ಶ್ರಮಜೀವಿ, ಶಿಸ್ತಿನವಳು, ಎಲ್ಲರೊಡನೆ ಹೊಂದಿಕೊಳ್ಳುವವಳು. "ಯಾವ ಶಾಮಣ್ಣ ಬರ್ಕೊಟ್ಟ ಇದನ್ನ?" ಅಂದೆ. "ಫೋನಲ್ಲಿತ್ತು ತಾತಾ," ಎಂದು ನಾಲಿಗೆ ಕಚ್ಚಿಕೊಂಡಳು. ಸಾಹೇಬರ ಆ ಮೂರು ಪ್ರಶ್ನೆಗಳನ್ನು ಅವಳಿಗೂ ಕೇಳಿದೆ. ಮಧ್ಯಾಹ್ನದ ಹೊತ್ತಿಗೆ ಬೇರೆ ಕಾಗದ ಬಂತು. ಗಟ್ಟಿಯಾಗಿ ಮಾತಾಡಲು ತನಗೆ ಇನ್ನೂ ಅಂಜಿಕೆ ಎಂದೂ, ಕಪ್ಪೆಯ ಮೊಟ್ಟೆ ತೋರಿಸಲು ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗುವ ಆಸೆಯಿದೆ ಎಂದೂ ಅದರಲ್ಲಿತ್ತು.

ಅರಿಶಿನದ ಬಟ್ಟಲು ನಾನೇ ತಂದೆ. ಹೆಬ್ಬೆರಳು ಅದ್ದಿ ನಾಲ್ಕು ಮೂಲೆಗೂ ಹಚ್ಚಿ, ಕಾಗದವನ್ನು ಕಣ್ಣಿಗೊತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತೆ.

"ನಂಗೆ ಕೆಲ್ಸ ಸಿಗ್ಲಿ ಅಂತ ಕೇಳ್ಕೊಂಡ್ಯಾ ತಾತಾ?"

"ಇಲ್ಲ ಕಣಮ್ಮ. ನಮ್ಮಪ್ಪಂಗೆ ಒಂದು ವಿಷ್ಯ ಹೇಳೋದು ಉಳಿದಿತ್ತು. ಹೇಳ್ದೆ."